ಬೂದು ನಿಲುವಂಗಿಯ ಒಳಮೈ

ಟೇಪಮ್ಮನಿಗೆ ಟೇಪು ಬೇಕಿರಲಿಲ್ಲ. ಬೀದಿಯ ಆಚೆ ಬದಿಯಲ್ಲಿ ನಡೆದು ಬರುವವರ ಹೆಗಲ ಅಗಲ, ಸೊಂಟದ ಸುತ್ತು, ತೋಳಿನ ಉದ್ದ ಎಲ್ಲವನ್ನೂ ಈಚೆ ಬದಿಯ ತನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಹೇಳಿದ್ದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಹೊಟ್ಟೆ ಕರಗಿಸಿದ್ದೇನೆಂದು ಬೀಗುತ್ತ ಬಂದ ಔಷಧಿ ಅಂಗಡಿಯವನಿಗೆ, "ಎಲ್ಲಪ್ಪ ಕರಗಿಸಿದ್ದು? ಹಿಡಿದಿರೋ ಉಸಿರು ಬಿಡು, ನೋಡೋಣ" ಅಂದವಳು ಅವಳು. "ಕನ್ನಡಿಗಾದ್ರೂ ದಾಕ್ಷಿಣ್ಯ ಇರುತ್ತೆ, ನನ್ನ ಕಣ್ಣಿಗಿಲ್ಲ" ಎಂಬುದು ಅವಳ ಮಾಮೂಲು ಮಾತು. ಬೀದಿಯವರು ಗೇಲಿಗೆಂದು ಇಟ್ಟ ಹೆಸರನ್ನು ಅವಳು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದಳು.

ಅಂಥ ಕಣ್ಣು ಮೋಸಹೋಯಿತು. ಅದೂ ಮೂರು ಹೊತ್ತೂ ಎದುರಿಗೇ ಓಡಾಡುವವಳ ವಿಷಯದಲ್ಲಿ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಮೂರು ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿ. ಟೇಪಮ್ಮನ ಗಂಡ ಅಂಚೆ ಹಂಚಿ ಹಂಚಿ ನಿವೃತ್ತನಾದ ಮೇಲೆ ಕಿಟಕಿಯ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದ. ಮಗ ಸಿಟಿ ಬಸ್ಸಿನ ಡ್ರೈವರು. ಕೋಳಿ ಕೂಗುವ ಮುಂಚೆ ಹೊರಟರೆ ಸಂಜೆ ಬಂದು ಉಂಡು ಬಿದ್ದುಕೊಳ್ಳುತ್ತಿದ್ದ. ಒಂಬತ್ತು ವರ್ಷದ ಮೊಮ್ಮಗಳು ಮಷೀನಿನ ಪುಟ್ಟ ದಾರದುರುಳೆಯ ಹಾಗೆ ಒಂದು ಕಡೆ ನಿಲ್ಲದೆ ಗಿರ್ರನೆ ತಿರುಗುವುದರಿಂದ ಎಲ್ಲರೂ ಅವಳನ್ನು ಬಾಬಿನ್ ಎಂದೇ ಕರೆಯುತ್ತಿದ್ದರು.

ಇನ್ನು ಸೊಸೆ. ಮದುವೆಯಾಗಿ ಬಂದ ಮೊದಲ ವಾರವೇ ಟೇಪಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಅಂಗಡಿಗೆ ಬೋರ್ಡು ಯಾಕೆ ಬೇಕು? ನೀನೇ ಬೋರ್ಡು" ಅಂದಿದ್ದಳು. "ನಿನ್ನ ಮೈಮೇಲೆ ಬಟ್ಟೆ ಕೂತಿರೋದು ನೋಡಿದೋರು ಒಳಗೆ ಬರಬೇಕು." ಸೊಸೆ ಆ ಮಾತನ್ನು ಹತ್ತು ವರ್ಷ ಉಳಿಸಿಕೊಂಡಳು. ಬೂದು, ನೀಲಿ, ಹಸಿರು, ಕಂದು, ಹೀಗೆ ನಾಲ್ಕೇ ನಿಲುವಂಗಿ. ನಾಲ್ಕರಲ್ಲಿ ಯಾವುದನ್ನು ತೊಟ್ಟು ಕೌಂಟರಿನಲ್ಲಿ ನಿಂತರೂ ಒಂದು ಸುಕ್ಕಿಲ್ಲ, ಒಂದು ಸಡಿಲವಿಲ್ಲ. ಮೇಲೊಂದು ನಗು.

ಸೊಸೆಯ ತಾಯಿ ತೀರಿಕೊಂಡದ್ದು ಸರಿಯಾಗಿ ಶಾಲೆಗಳು ಶುರುವಾಗುವ ಹೊತ್ತಿಗೆ. ಮುನ್ನೂರು ಬಿಳಿ ಶರ್ಟು ಹೊಲಿದುಕೊಡಲು ಒಪ್ಪಿಕೊಂಡಾಗಿತ್ತು. ಮೇಜಿನ ಮೇಲೆ, ಕುರ್ಚಿಯ ಮೇಲೆ, ಮಹಡಿಯ ಮೆಟ್ಟಿಲ ಮೇಲೆ ಬಿಳಿಯೋ ಬಿಳಿ. ತೌರಿಗೆ ಹೋದ ಸೊಸೆ ಮೂರನೆಯ ದಿನ ಬೆಳಿಗ್ಗೆ ವಾಪಸಾಗಿ ಬಾಗಿಲಲ್ಲಿ ನಿಂತಳು. ಕಣ್ಣು ಊದಿಕೊಂಡಿದ್ದವು. ಟೇಪಮ್ಮನಿಗೆ ಕರುಳು ಚುರ್ರೆಂದಿತು. ಆದರೆ ಕರುಳಿನ ಮಾತು ಅವಳ ಬಾಯಿಗೆ ಬರುವಷ್ಟರಲ್ಲಿ ಯಾವಾಗಲೂ ತಮಾಷೆಯೋ ಗದರಿಕೆಯೋ ಆಗಿರುತ್ತಿತ್ತು.

"ಬಂದ್ಯಾ? ಮುಖ ತೊಳ್ಕೊಂಡು ಬಾಮ್ಮ. ಬಿಳಿ ಬಟ್ಟೆ ಇದು. ಕಣ್ಣೀರು ಬಿದ್ರೆ ಕಲೆ ಹೋಗಲ್ಲ."

ಸೊಸೆ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. ಮುಖ ತೊಳೆದು ಬಂದು ಮಷೀನಿನ ಮುಂದೆ ಕೂತವಳು ಸಂಜೆಯೊಳಗೆ ಹದಿನೆಂಟು ಕಾಲರು ಕೂರಿಸಿದಳು. ಅವತ್ತೂ ಅಳಲಿಲ್ಲ, ಮಾರನೆಯ ದಿನವೂ ಅಳಲಿಲ್ಲ.

"ಎಂಥ ಗಟ್ಟಿಗಿತ್ತಿ ನಿಮ್ಮ ಸೊಸೆ!" ಅಂದಳು ಪಕ್ಕದ ಬೇಕರಿಯವಳು. "ನಮ್ಮನೇಲೂ ಇದಾಳೆ ಒಬ್ಬಳು. ನಾಯಿ ಸತ್ತಿದ್ದಕ್ಕೆ ವಾರ ಹಾಸಿಗೆ ಬಿಟ್ಟು ಏಳಲಿಲ್ಲ."

"ನಮ್ಮ ಮನೆ ಪಳಗಿಕೆ ಹಾಗೆ," ಎಂದು ಟೇಪಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು.

ಶರ್ಟುಗಳು ಹೋದವು. ಶಾಲೆಗಳು ಶುರುವಾದವು. ಒಂದು ತಿಂಗಳು ಕಳೆದ ಮೇಲೆ ಟೇಪಮ್ಮನ ಕಿವಿಗೆ ಒಂದು ಸದ್ದು ಬೀಳತೊಡಗಿತು. ಮಧ್ಯಾಹ್ನ ಊಟವಾಗಿ ಅವಳು ಮೇಲೆ ಅಡ್ಡಾಗುವ ಹೊತ್ತಿನಲ್ಲಿ ಕೆಳಗೆ ಮಷೀನು ಓಡುತ್ತಿತ್ತು. ಇಳಿದು ಹೋದರೆ ಅಂಗಡಿಯ ಒಳಬಾಗಿಲಿಗೆ ಚಿಲಕ.

"ಏನು ಮಾಡ್ತಿದೀಯೇ?"

"ಏನಿಲ್ಲ ಅತ್ತೆ, ಒಂಚೂರು ಆಲ್ಟ್ರೇಷನ್."

"ಯಾರದು?"

"ಯಾರದೂ ಅಲ್ಲ."

ಯಾರದೂ ಅಲ್ಲದ ಬಟ್ಟೆಗೆ ಚಿಲಕ ಯಾಕೆ? ಎರಡು ವಾರ ಬಿಟ್ಟು ಮತ್ತೆ ಅದೇ ಸದ್ದು, ಅದೇ ಚಿಲಕ. ಬೂದು ದಾರದ ಉರುಳೆ ನೋಡಿದರೆ ಸಣ್ಣಗಾಗಿದೆ. ಬೂದು ಬಟ್ಟೆಯ ಗಿರಾಕಿ ಆ ತಿಂಗಳು ಒಬ್ಬರೂ ಬಂದಿರಲಿಲ್ಲ. ಕನ್ನಡಿಯ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬೆರಳಚ್ಚು. ಟೇಪಮ್ಮ ಎರಡಕ್ಕೆ ಎರಡು ಕೂಡಿಸಿದಳು.

"ರೀ, ನಿಮ್ಮ ಸೊಸೆ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ತನ್ನ ಅಂಗಿ ಫಿಟ್ಟಿಂಗ್ ಮಾಡ್ಕೊಳ್ತಾಳೆ."

"ಮಾಡ್ಕೊಂಡ್ರೆ ಮಾಡ್ಕೊಳ್ಳಿ ಬಿಡೇ. ಬೋರ್ಡು ಅಂದೋಳು ನೀನೇ. ಬೋರ್ಡಿಗೆ ಬಣ್ಣ ಹೊಡೀಬಾರದಾ?"

"ತಾಯಿ ಹೋಗಿ ಎಷ್ಟು ದಿನ ಆಯ್ತು ಅಂತ? ನಾನು ನಮ್ಮಮ್ಮ ಹೋದಾಗ ವರ್ಷ ತಲೆ ಬಾಚಲಿಲ್ಲ."

"ನೀನು ಈಗಲೂ ಬಾಚಲ್ಲ."

"ನೀವು ಗುಂಡಿ ಹಚ್ಚಿ," ಅಂದಳು ಟೇಪಮ್ಮ.

ಬೇಕರಿಯವಳೂ ಒಂದು ದಿನ, "ನಿಮ್ಮ ಸೊಸೆ ಮುಖ ಯಾಕೋ ಸಣ್ಣಗಾಗಿದೆಯಲ್ಲ" ಅಂದಿದ್ದಳು. ಟೇಪಮ್ಮ ತಿರುಗಿ ನೋಡಿದ್ದಳು. ನೀಲಿ ನಿಲುವಂಗಿ ಸೊಂಟಕ್ಕೆ, ಹೆಗಲಿಗೆ ಎರಕ ಹೊಯ್ದಂತೆ ಕೂತಿತ್ತು. "ಎಲ್ಲಿ ಸಣ್ಣಗಾಗಿದಾಳೆ? ಅಂಗಿ ನೋಡು, ಒಂದು ಎಳೆ ಸಡಿಲ ಇದೆಯಾ?" ಅಂದಿದ್ದಳು. ಅವಳು ಮುಖ ನೋಡುವವಳಲ್ಲ, ಬಟ್ಟೆ ನೋಡುವವಳು. ನಲವತ್ತು ವರ್ಷದ ಅಭ್ಯಾಸ.

ಮಾತು ಹೊರಬಿದ್ದದ್ದು ಒಂದು ಸಂಜೆ, ತಟ್ಟೆಯ ಮುಂದೆ. ಅನ್ನ, ಬೇಳೆ, ತಲೆಗೊಂದು ಬೇಯಿಸಿದ ಮೊಟ್ಟೆ. ಸೊಸೆ ಎಂದಿನಂತೆ ನಿಂತು ಬಡಿಸುತ್ತಿದ್ದಳು.

"ನೀನೂ ಕೂತ್ಕೊಳ್ಳೇ," ಅಂದ ಮಗ, ಕಣ್ಣು ಮುಕ್ಕಾಲು ಮುಚ್ಚಿಕೊಂಡೇ.

"ನಂದು ಆಯ್ತು. ಅಡುಗೆ ಮಾಡ್ತಾ ಮಾಡ್ತಾನೇ ತಿಂದೆ."

"ಇಲ್ಲಪ್ಪಾ, ಅಮ್ಮ ಏನೂ..." ಎಂದು ಬಾಬಿನ್ ಶುರುಮಾಡಿದಳು. ಅವಳ ತಟ್ಟೆಯಲ್ಲಿ ಎರಡು ಮೊಟ್ಟೆ ಇದ್ದವು.

"ದೊಡ್ಡೋರ ಮಧ್ಯೆ ಬಾಯಿ ಹಾಕಬೇಡ. ಬಾಯಿ ಮುಚ್ಕೊಂಡು ತಿನ್ನು," ಅಂದಳು ಟೇಪಮ್ಮ. ಬಾಯಿ ಮುಚ್ಚಿಕೊಂಡು ಹೇಗೆ ತಿನ್ನುವುದೆಂದು ಮಗು ಕೇಳಬೇಕೆಂದಿತ್ತು. ಅಜ್ಜಿಯ ಮುಖ ನೋಡಿ ಮೊಟ್ಟೆ ಬಾಯಿಗೆ ಹಾಕಿಕೊಂಡಿತು.

ಟೇಪಮ್ಮ ಸೊಸೆಯ ಕಡೆ ತಿರುಗಿದಳು. "ಇವತ್ತೂ ಚಿಲಕ ಹಾಕ್ಕೊಂಡಿದ್ಯಲ್ಲ, ಏನದು?"

"ನನ್ನ ಅಂಗೀನೇ ಅತ್ತೆ. ಹೊಲಿಗೆ ಸ್ವಲ್ಪ ಒಳಗೆ ಹಿಡೀತಿದ್ದೆ."

"ಇರೋ ನಾಲ್ಕು ಅಂಗೀನ ಎಷ್ಟು ಸಲ ಹಿಡೀತೀಯ? ಸಿಂಗಾರಕ್ಕೂ ಒಂದು ಮಿತಿ ಬೇಡ್ವಾ? ಹೆತ್ತ ತಾಯಿ ಹೋಗಿ ಮೂರು ತಿಂಗಳಾಗಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ, ಕನ್ನಡಿ ಮುಂದೆ ನಿಂತು ಫಿಟ್ಟಿಂಗ್ ನೋಡ್ಕೊಳ್ತೀಯ. ಹೊರಗೆ ಥಳಕು, ಒಳಗೆ ಹುಳಕು ಅಂತಾರಲ್ಲ, ಹಾಗಾಯ್ತು ನಿನ್ನ ಕಥೆ."

ಬಡಿಸುವ ಸೌಟು ಗಾಳಿಯಲ್ಲೇ ನಿಂತಿತು.

"ಅಮ್ಮ, ಸಾಕು ಮಾಡು," ಅಂದ ಮಗ.

"ನೀನು ಬಸ್ಸು ಓಡಿಸು. ಮನೆ ನಾನು ಓಡಿಸ್ತೀನಿ."

ಸೊಸೆ ಸೌಟನ್ನು ಪಾತ್ರೆಗೆ ಇಳಿಸಿದಳು. "ಇನ್ಮೇಲೆ ಮಾಡಲ್ಲ ಅತ್ತೆ," ಎಂದು ನಕ್ಕಳು. ಆ ನಗೆಗೂ ಸುಕ್ಕಿರಲಿಲ್ಲ.

ಹೇಳಿದಂತೆಯೇ ನಡೆದಳು. ಮಧ್ಯಾಹ್ನದ ಸದ್ದು ನಿಂತಿತು. ಟೇಪಮ್ಮ ಗೆದ್ದೆನೆಂದುಕೊಂಡಳು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಹಸಿರು ನಿಲುವಂಗಿ ಹೆಗಲಿನಿಂದ ಜಾರತೊಡಗಿತು. ಮೂರನೆಯ ವಾರ ಕಂದು ನಿಲುವಂಗಿಯ ಸೊಂಟ ಚೀಲದ ಹಾಗೆ ಜೋತುಬಿತ್ತು. ಸೊಸೆ ಅದನ್ನೇ ತೊಟ್ಟು ಕೌಂಟರಿನಲ್ಲಿ ನಿಂತು ಗಿರಾಕಿಗಳಿಗೆ ಬಟ್ಟೆ ಬಿಡಿಸಿ ತೋರಿಸುತ್ತಿದ್ದಳು. ಟೇಪಮ್ಮನಿಗೆ ಮೈ ಉರಿಯಿತು.

"ನೋಡ್ರೀ ಹಟ! ಫಿಟ್ಟಿಂಗ್ ಬೇಡ ಅಂದಿದ್ದಕ್ಕೆ ಎಲ್ಲಾ ಬಿಚ್ಚಿ ಸಡಿಲ ಮಾಡ್ಕೊಂಡಿದಾಳೆ. ಅಂಗಡಿ ಮಾನ ಕಳೆಯೋಕೆ."

ಗಂಡ ಸೂಜಿಗೆ ದಾರ ಪೋಣಿಸಹೋದ. ದಾರ ತೂತಿನ ಪಕ್ಕಕ್ಕೇ ಹೋಗುತ್ತಿತ್ತು.

ವಾರದ ರಜೆಯ ದಿನ ಟೇಪಮ್ಮ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದಳು. ತಂತಿಯ ಮೇಲೆ ಬೂದು ನಿಲುವಂಗಿ ಇತ್ತು. ಅದು ಟೇಪಮ್ಮನೇ ಹೊಲಿದದ್ದು. ಹಟದ ಸೊಸೆಗೆ ಬುದ್ಧಿ ಬರುವ ಹಾಗೆ ತಾನೇ ಹಿಡಿದು ಕೊಟ್ಟುಬಿಡೋಣವೆಂದು ಕೆಳಗೆ ತಂದು, ಮೇಜಿನ ಮೇಲೆ ಹರವಿ, ಒಳಮೈ ಹೊರಗೆ ಮಾಡಿದಳು.

ಪಕ್ಕದ ಹೊಲಿಗೆಯನ್ನು ಸೊಸೆ ಸಡಿಲ ಮಾಡಿರಲಿಲ್ಲ. ಒಳಕ್ಕೆ ಹಿಡಿದಿದ್ದಳು. ಹಿಡಿದದ್ದು ಒಂದು ಸಲವಲ್ಲ.

ಹೊರ ಅಂಚಿನ ಕಡೆ ಮೊದಲನೆಯ ಸಾಲು ಸೂಜಿತೂತು. ಅದು ಟೇಪಮ್ಮನದೇ ಹೊಲಿಗೆ, ಬಿಚ್ಚಿದ್ದು. ಅದರಿಂದ ಒಂದು ಅಕ್ಕಿಕಾಳಿನಷ್ಟು ಒಳಗೆ ಎರಡನೆಯ ಸಾಲು. ಅದನ್ನೂ ಬಿಚ್ಚಿ ಇನ್ನೊಂದು ಅಕ್ಕಿಕಾಳಿನಷ್ಟು ಒಳಗೆ ಮೂರನೆಯದು. ಅದನ್ನೂ ಬಿಚ್ಚಿ ನಾಲ್ಕನೆಯದು. ಐದನೆಯದು ಈಗಿರುವ ಹೊಲಿಗೆ. ಟೇಪಮ್ಮ ಕನ್ನಡಕ ಹಾಕಿಕೊಂಡು ಉಗುರಿನಿಂದ ಒಂದೊಂದೇ ಸಾಲನ್ನು ತಡವಿದಳು. ಸೊಸೆ ಪ್ರತಿ ಸಲವೂ ಬಟ್ಟೆ ನೆನೆಸಿ ಇಸ್ತ್ರಿ ಒತ್ತಿ ಹಳೆಯ ತೂತು ಮುಚ್ಚಲು ನೋಡಿದ್ದಳು. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ತಿಳಿಯದು. ಉಳಿದ ಬಟ್ಟೆಯನ್ನು ಎಲ್ಲೂ ಕತ್ತರಿಸಿರಲಿಲ್ಲ. ಅಚ್ಚುಕಟ್ಟಾಗಿ ಮಡಿಸಿ ಒಳಗೇ ಕೈಹೊಲಿಗೆ ಹಾಕಿದ್ದಳು.

ಎರಡೂ ಪಕ್ಕ, ಹಿಂದೆ ಮುಂದೆ ಸೇರಿ ನಾಲ್ಕು ಅಂಗುಲ. ಅದರ ಮೇಲೂ ಅಂಗಿ ಜೋಲುತ್ತಿದೆ.

ಮೈ ಒಂದು ಅಕ್ಕಿಕಾಳಿನಷ್ಟು ಕರಗಿದಾಗಲೆಲ್ಲ ಅಂಗಿಯನ್ನೂ ಅಷ್ಟೇ ಕರಗಿಸಿದರೆ ಯಾವ ಕಣ್ಣಿಗೆ ತಾನೇ ಬೀಳುತ್ತದೆ? ಟೇಪಮ್ಮ ಸಾಲುಗಳನ್ನು ಮತ್ತೊಮ್ಮೆ ಎಣಿಸಿದಳು. ಕಿವಿಯಲ್ಲಿ ಅವಳದೇ ದನಿ: ಹೊರಗೆ ಥಳಕು, ಒಳಗೆ ಹುಳಕು.

ಬಾಬಿನ್ ಮೆಟ್ಟಿಲು ಹಾರಿಕೊಂಡು ಬಂದಳು.

"ಪುಟ್ಟಾ, ಇಲ್ಲಿ ಬಾ. ನಿಮ್ಮಮ್ಮ ಊಟ ಮಾಡ್ತಾಳಾ?"

"ಇಲ್ಲಜ್ಜಿ. ಎರಡು ತುತ್ತು. ಆಮೇಲೆ ಗಂಟಲಲ್ಲಿ ಇಳಿಯಲ್ಲ ಅಂತಾಳೆ. ಮೊಟ್ಟೆ ನಂಗೆ ಕೊಡ್ತಾಳೆ."

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ಹೇಳಕ್ಕೆ ಬಂದ್ನಲ್ಲ. ನೀನು ಬಾಯಿ ಮುಚ್ಕೊಂಡು ತಿನ್ನು ಅಂದೆ."

ಕಿಟಕಿಯ ಬಳಿಯಿಂದ ಗಂಡ ನಿಧಾನವಾಗಿ ಮಾತಾಡಿದ. "ತೋಳಿನ ಪಟ್ಟಿಯ ಗುಂಡಿ ಒಳಗೆ ಸರಿಸಿಕೊಡಿ ಮಾವ ಅಂತ ಎರಡು ಸಲ ತಂದುಕೊಟ್ಟಿದ್ದಳು. ನಾನು ಸರಿಸಿಕೊಟ್ಟೆ ಕಣೇ. ಮಣಿಕಟ್ಟು ಎಲ್ಲಿ ಹೋಯ್ತು ಅಂತ ಕೇಳಲಿಲ್ಲ."

ಸೊಸೆ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಟೇಪಮ್ಮ ಬೂದು ನಿಲುವಂಗಿಯನ್ನು ಒಂದು ಕೈಯಲ್ಲಿ, ಟೇಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. ನಿಲುವಂಗಿ ಒಳಮೈ ಹೊರಗಾಗಿಯೇ ಇತ್ತು. ಸೊಸೆ ಅದನ್ನು ನೋಡಿದಳು, ನಲ್ಲಿ ನಿಲ್ಲಿಸಿದಳು.

"ಕೈ ಎತ್ತು."

"ಅತ್ತೆ..."

"ಎತ್ತಮ್ಮ."

ಸೊಸೆ ನೊರೆಯ ಕೈಗಳನ್ನು ಎತ್ತಿದಳು. ಟೇಪು ಸೊಂಟ ಸುತ್ತಿ ಬಂತು. ಅಳತೆಯ ಪುಸ್ತಕದಲ್ಲಿ ಮೂವತ್ತನಾಲ್ಕು ಎಂದು ಟೇಪಮ್ಮನೇ ಬರೆದಿದ್ದಳು. ಈಗ ಇಪ್ಪತ್ತೆಂಟು. ಟೇಪಿನ ಕೆಳಗೆ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು.

"ಯಾಕಮ್ಮಾ ಹೀಗೆ ಮಾಡ್ಕೊಂಡೆ?"

"ನಾನು ಮಾಡ್ಕೊಂಡಿದ್ದಲ್ಲ ಅತ್ತೆ. ತುತ್ತು ಬಾಯಲ್ಲೇ ನಿಲ್ಲುತ್ತೆ. ಅಮ್ಮ ಕೊನೇ ದಿನ ಏನೂ ನುಂಗೋಕಾಗದೆ ನನ್ನ ಮುಖಾನೇ ನೋಡ್ತಿದ್ಲು, ಅದು ಕಣ್ಣಿಗೆ ಬರುತ್ತೆ." ಸೊಸೆ ಹಾಗೆಯೇ ಕೈ ಎತ್ತಿಕೊಂಡು ನಿಂತಿದ್ದಳು. ನೊರೆ ಮೊಣಕೈಗೆ ಇಳಿಯುತ್ತಿತ್ತು. "ಸಡಿಲ ಅಂಗಿ ಹಾಕ್ಕೊಂಡು ನಿಂತ್ರೆ ಅಂಗಡಿಗೆ ಕೆಟ್ಟ ಹೆಸರು ಅಂತ ಹಿಡೀತಿದ್ದೆ ಅಷ್ಟೇ."

"ಅತ್ತು ಹಗುರ ಆಗಬಾರದಿತ್ತಾ?"

"ಬಿಳಿ ಬಟ್ಟೆ ಅಂದ್ರಲ್ಲ."

"ಬಿಳಿ ಬಟ್ಟೆ ಹೋಗಿ ಮೂರು ತಿಂಗಳ ಮೇಲಾಯ್ತಲ್ಲೇ!"

"ಹೌದು. ಆಮೇಲೆ ನೀಲಿ ಬಂತು, ಆಮೇಲೆ ಪರದೆ ಬಟ್ಟೆ ಬಂತು." ಸೊಸೆ ನಗಲು ನೋಡಿದಳು. "ಈಗ ಅಳಬಹುದು ಅಂತ ಯಾರೂ ಹೇಳಲಿಲ್ಲ. ಆಮೇಲೆ ಅಳೋಕೆ ಬರಲೂ ಇಲ್ಲ."

ಟೇಪಮ್ಮ ಅವಳ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಹೇಳಬೇಕಾದ ಮಾತು ಗಂಟಲಿಗೆ ಬಂದು ನಿಂತುಕೊಂಡಿತು. ತುತ್ತು ಹೀಗೇ ನಿಲ್ಲುತ್ತದೆ ಎಂದು ಆಗ ಅವಳಿಗೆ ತಿಳಿಯಿತು. ಉಳಿದ ಪಾತ್ರೆಗಳನ್ನು ಅವಳೇ ಉಜ್ಜಿದಳು.

ಸಂಜೆ ಮಗನಿಗೆ ಹೇಳಿದಾಗ ಅವನು ಸಮವಸ್ತ್ರ ಬಿಚ್ಚದೆ ಹಾಗೇ ಕೂತ. "ದಿನಾ ಇನ್ನೂರು ಜನರನ್ನ ಕನ್ನಡೀಲಿ ನೋಡ್ತೀನಿ. ಯಾರು ಹತ್ತಿದ್ರು, ಯಾರು ಇಳಿದ್ರು..." ಅಂದ. ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ. ತಾಯಿ ಮಗ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ಗಂಟಲು ನೋಡಿದರು, ರಕ್ತ ತೆಗೆಸಿದರು. ಗಂಟಲಲ್ಲಿ ಏನೂ ಕಾಣುತ್ತಿಲ್ಲ, ಮೈಯಲ್ಲಿ ರಕ್ತವೂ ಇಲ್ಲ, ಗಂಜಿಯಿಂದ ಶುರುಮಾಡಿ, ಮನಸ್ಸಿನ ಡಾಕ್ಟರ ಹತ್ತಿರ ವಾರಕ್ಕೊಮ್ಮೆ ಬರಲಿ ಎಂದರು. ಆಮೇಲೆ ಟೇಪಮ್ಮನ ಕಡೆ ತಿರುಗಿ, "ಎಷ್ಟು ದಿನದಿಂದ ತೂಕ ಇಳೀತಿದೆ? ಮನೇಲಿ ಯಾರೂ ಗಮನಿಸಲಿಲ್ವಾ?" ಎಂದು ಕೇಳಿದರು. ನಲವತ್ತು ವರ್ಷ ಬೀದಿಯವರ ಮೈಯನ್ನೆಲ್ಲ ಲೆಕ್ಕ ಹೇಳಿದವಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡಳು.

ಮನೆಯಲ್ಲಿ ಗಂಜಿ ಶುರುವಾಯಿತು. ಮೊದಲ ವಾರ ಅರ್ಧ ಬಟ್ಟಲು, ಅದರಲ್ಲೂ ಅರ್ಧ ಉಳಿಯುತ್ತಿತ್ತು. ಈಗ ಬಡಿಸುವುದು ಗಂಡಸರ ಕೆಲಸ. ಮಾವ ಕಾಗದ ಹಂಚಿದ ಹಾಗೆ ಎಲ್ಲರ ಮುಂದೆ ತಟ್ಟೆ ಹಂಚುತ್ತಿದ್ದ. ಟೇಪಮ್ಮ ಸೊಸೆಯ ಎದುರಿಗೆ ಕೂತು, ಅವಳು ಎರಡು ಚಮಚ ತಿಂದರೆ ತಾನೂ ಎರಡು ಚಮಚ, ಅವಳು ನಿಲ್ಲಿಸಿದರೆ ತಾನೂ ನಿಲ್ಲಿಸುತ್ತಿದ್ದಳು. ಮೂರನೆಯ ದಿನ ಬಾಬಿನ್, "ಅಜ್ಜಿ ಹೊಟ್ಟೆ ಗುರ್ ಅಂತಿದೆ ಅಮ್ಮ, ಇನ್ನೊಂದು ತಿನ್ನು" ಅಂದಳು. ಸೊಸೆ ಇನ್ನೊಂದು ತಿಂದಳು. ಕೆಲವು ದಿನ ಅದೂ ಆಗುತ್ತಿರಲಿಲ್ಲ.

"ಅತ್ತೆ, ಅಂಗೀನಾದ್ರೂ ಹಿಡ್ಕೊಳ್ತೀನಿ. ಕೌಂಟರಿಗೆ ಬರೋಕೆ ನಾಚಿಕೆ ಆಗುತ್ತೆ," ಅಂದಳು ಒಂದು ದಿನ.

"ಬೇಡ. ಹೀಗೇ ಬಾ. ನಾಚಿಕೆ ನಿಂದಲ್ಲ."

ಮಾರನೆಯ ಬೆಳಿಗ್ಗೆ ಬೇಕರಿಯವಳು ಬಿಳಿ ಬಟ್ಟೆಯ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಂದಳು. ಬೇಕರಿಯ ಕೆಲಸಕ್ಕೆ ಅವಳಿಗೊಂದು ಮೇಲಂಗಿ ಆಗಬೇಕಿತ್ತು. ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಸೊಸೆ ಬೂದು ನಿಲುವಂಗಿಯಲ್ಲಿ ಕೌಂಟರಿನ ಹಿಂದೆ ನಿಂತು ಬಟ್ಟೆಯನ್ನು ಬಿಡಿಸತೊಡಗಿದಳು. ತೋಳು ಬೆರಳಿನವರೆಗೂ ಇಳಿದುಬರುತ್ತಿತ್ತು. ಬೇಕರಿಯವಳು ನೋಡಿದಳು, ನಕ್ಕಳು.

"ಇದೇನ್ರೀ ಟೇಪಮ್ಮ, ಸೊಸೆಗೆ ಗೋಣಿಚೀಲ ಹೊಲಿದಿದ್ದೀರಾ? ನಿಮ್ಮ ಕಣ್ಣಿಗೂ ವಯಸ್ಸಾಯ್ತಾ?"

ಹಿಂದೆ ನಿಂತವರೂ ನಕ್ಕರು. ಟೇಪಮ್ಮನ ನಾಲಿಗೆಯ ತುದಿಗೆ ಎರಡು ಉತ್ತರ ಬಂದವು. ಎರಡೂ ಬೇಕರಿಯವಳ ಸೊಂಟಕ್ಕೆ ಸಂಬಂಧಪಟ್ಟವು. ಎರಡನ್ನೂ ನುಂಗಿದಳು.

"ಅಂಗಿ ಸರಿಯಾಗೇ ಇದೆ," ಅಂದಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು. "ನನ್ನ ಕಣ್ಣೇ ಕೆಟ್ಟಿತ್ತು. ತಾಯಿ ಸತ್ತ ಹುಡುಗಿ ನನ್ನ ಕಣ್ಣೆದುರಿಗೇ ಆರು ಅಂಗುಲ ಕರಗಿದಾಳೆ. ನಾನು ನೋಡಲಿಲ್ಲ. ಮೇಲಿಂದ ಸಿಂಗಾರ ಮಾಡ್ಕೊಳ್ತಾಳೆ ಅಂತ ಬೈದೆ."

ಬೇಕರಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಿಟಕಿಯ ಬಳಿ ಗುಂಡಿಯೊಂದು ನೆಲಕ್ಕೆ ಬಿದ್ದು ಉರುಳುವ ಸದ್ದಾಯಿತು. ಸೊಸೆ ಬಗ್ಗಿಸಿದ ತಲೆ ಎತ್ತಲಿಲ್ಲ. ಬಿಡಿಸಿದ ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿತ್ತು. ಪಕ್ಕದಲ್ಲೇ ಇನ್ನೊಂದು. ಅವಳು ಗಾಬರಿಯಿಂದ ತೋಳಿನ ತುದಿಯಲ್ಲಿ ಅದನ್ನು ಒರೆಸಹೋದಳು.

ಟೇಪಮ್ಮ ಆ ಕೈ ಹಿಡಿದುಕೊಂಡಳು.

"ಬಿಡಮ್ಮ. ಬೀಳಲಿ. ಕಣ್ಣೀರಿಗೆ ಕಲೆ ಆಗಲ್ಲ. ಅವತ್ತು ನಾನು ಸುಳ್ಳು ಹೇಳಿದ್ದೆ."

ಸೊಸೆ ಬಟ್ಟೆಯ ರಾಶಿಯ ಮೇಲೆ ಮುಖ ಇಟ್ಟಳು. ಮೊದಲು ಹೆಗಲು ಅಲುಗಿತು, ಆಮೇಲೆ ದನಿ ಬಂತು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಂಥ ದನಿ. ಟೇಪಮ್ಮ ಆ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ, ಇನ್ನೊಂದು ಕೈಯಿಂದ ಸ್ಟೂಲನ್ನು ಬೇಕರಿಯವಳ ಕಡೆಗೆ ತಳ್ಳಿದಳು.

"ಕೂತ್ಕೊಳ್ಳಿ," ಅಂದಳು. "ಸ್ವಲ್ಪ ಹೊತ್ತಾಗುತ್ತೆ."